ಎಡಗೈಗೆ ಬಾರದ ಸುದ್ದಿ

ಪಾರ್ಕಿನ ನಗೆಕೂಟದಲ್ಲಿ ಅಂದು ನಗುವಿಗೆ ಮೊದಲು ಪಾಠ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೊರಡುವ ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು ಎಲ್ಲರನ್ನೂ ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದರು. ತಾವು ಸಾಲಿನ ತಲೆಯಲ್ಲಿ ನಿಂತು ಪಕ್ಕದಲ್ಲಿದ್ದ ಶಿವನಂಜಪ್ಪನವರ ಎಡಗೈ ಹಿಡಿದರು.

“ಒಬ್ಬೊಬ್ರೂ ಒಂದೊಂದು ನರಕೋಶ. ಎಡಗೈ ಸುದ್ದಿ ತಗೊಳ್ಳೋ ಕವಲು, ಬಲಗೈ ಸುದ್ದಿ ಸಾಗಿಸೋ ಬಾಲ. ನಾನು ಕೈ ಒತ್ತುತೀನಿ. ನಿಮಗೆ ಬಂದ ತಕ್ಷಣ ಪಕ್ಕದವ್ರ ಕೈ ಒತ್ತಿ, ಎರಡೂ ಕೈ ಬಿಟ್ಬಿಡಿ.”

ಶಿವನಂಜಪ್ಪನವರು ಕಾದರು.

“ಇನ್ನೂ ಬಂದಿಲ್ಲ ಮೇಷ್ಟ್ರೇ!” ಎಂದು ಸಾಲಿನ ಕೊನೆಯಿಂದ ಕೂಗು ಬಂತು.

ಮೇಷ್ಟ್ರು ಫೋನಿನ ಹೆಣ್ಣುದನಿಯಲ್ಲಿ ರಾಗ ಎಳೆದರು: “ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.” ಹಿಡಿದ ಕೈ ಬಿಡದೆ ಸಾಲಿಗೆ ಸಾಲೇ ನಕ್ಕಿತು.

“ಶಿವನಂಜಪ್ನೋರೇ, ನಿಮ್ಮಲ್ಲೇ ಲೈನ್ ಕಟ್ಟಾಗಿದೆ ಕಣ್ರೀ!” ಎಂದು ಪಕ್ಕದವರು ಛೇಡಿಸಿದರು.

ಶಿವನಂಜಪ್ಪನವರಿಗೆ ಮಾತ್ರ ನಗು ಬರಲಿಲ್ಲ. ಸಕ್ಕರೆ ಹೀಗೇ ಏರಿದರೆ ನರ ಸತ್ತು ಮುಟ್ಟಿದ್ದೂ ತಿಳಿಯುವುದಿಲ್ಲವೆಂದು ಡಾಕ್ಟರು ಹೋದ ವಾರವಷ್ಟೇ ಹೆದರಿಸಿದ್ದರು. ಶಿವನಂಜಪ್ಪನವರು ಕಣ್ಣು ಮುಚ್ಚಿ ಜೀವವನ್ನೆಲ್ಲ ಎಡಗೈಗೆ ತಂದುಕೊಂಡರು. ಮೇಷ್ಟ್ರ ಅಂಗೈ ಬೆಚ್ಚಗಿರುವುದು ತಿಳಿಯಿತು, ಬೆರಳ ಗಂಟುಗಳು ಒರಟಾಗಿರುವುದೂ ತಿಳಿಯಿತು. ಒತ್ತಿದ್ದು ಮಾತ್ರ ತಿಳಿಯಲಿಲ್ಲ.

ಮೇಷ್ಟ್ರ ಕಿವಿಯತ್ತ ಬಾಗಿ ಕೇಳಿದರು: “ನಿಜ ಹೇಳಿ ಮೇಷ್ಟ್ರೇ, ನನ್ನ ಕೈ ಸತ್ತೋಗಿದ್ಯಾ?”

“ಛೆ ಛೆ, ನಿಮ್ಮ ಕೈ ಚೆನ್ನಾಗೇ ಇದೆ,” ಎಂದರು ಮೇಷ್ಟ್ರು, ಈ ಸಲ ತಮ್ಮದೇ ದನಿಯಲ್ಲಿ. “ನಾನಿನ್ನೂ ಒತ್ತೇ ಇಲ್ಲ ಸ್ವಾಮಿ. ಒತ್ತಿದ್ರೆ ಕೈ ಬಿಟ್ಬಿಡ್ತೀರಲ್ಲ.”