ಕಾಯಂ ಹೊಸಬಳು

ಹುಬ್ಬಳ್ಳಿಯ ಆ ವಿಡಿಯೋ ಗೇಮ್ ಕಂಪನಿಯಲ್ಲಿ ಕಸ್ತೂರಿಗೆ ಹನ್ನೊಂದು ತಿಂಗಳಿಂದ ಒಂದೇ ಕೆಲಸ: ಇನ್ನೂ ಮಾರಾಟಕ್ಕೆ ಬಿಡದ ಆಟದ ಕೊನೆಯ ರಾಕ್ಷಸನೊಂದಿಗೆ ದಿನವೂ ಹೊಸಬಳಾಗಿ ಕಾದಾಡಿ ಪರೀಕ್ಷಿಸುವುದು. ಸಂಜೆ ಮನೆಗೆ ಹೊರಡುವಾಗ ತಲೆಗೊಂದು ಟೊಪ್ಪಿಗೆ ಇಟ್ಟು, ಆಟದ ನೆನಪನ್ನಷ್ಟೇ ಒರೆಸಿ ಕಳಿಸುತ್ತಿದ್ದರು. ಆಟ ಮುಗಿಸಿ ದೂರಿನ ವಹಿ ತೆರೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಪುಟಪುಟದಲ್ಲೂ ಅವಳದೇ ಕೈಬರಹ, ಅದೇ ಮಾತು: ‘ಹೊಡೆಯುವ ಮುಂಚೆ ರಾಕ್ಷಸ ಸುಳಿವೇ ಕೊಡುವುದಿಲ್ಲ.’

ಇವತ್ತು ಅವಳು ಮೊದಲ ಸಲಕ್ಕೇ ಗೆದ್ದುಬಿಟ್ಟಳು.

“ಛಲೋ ಆತು! ನಾಳೆ ಮಾರಾಟಕ್ಕ ಬಿಡೋಣು,” ಎಂದ ನಿಂಗನಗೌಡ. ರಾಕ್ಷಸನನ್ನು ರೂಪಿಸಿದವನು ಅವನೇ; ಆಡಿ ನೋಡುವುದನ್ನು ಮಾತ್ರ ಕಸ್ತೂರಿಗೇ ಬಿಟ್ಟಿದ್ದ.

“ಸುಳಿವು ಹಾಕಿದ್ರೇನು?”

“ಏನೂ ಮುಟ್ಟಿಲ್ರಿ. ಮೊದಲಿಂದನೂ ಸರಿನ ಐತಿ.”

ಕಸ್ತೂರಿ ತನ್ನ ಹೆಬ್ಬೆರಳನ್ನು ದಿಟ್ಟಿಸಿದಳು. ರಾಕ್ಷಸ ಗದೆ ಎತ್ತುವ ಮೊದಲೇ ಅದು ಗುಂಡಿ ಒತ್ತಿತ್ತು. ತಲೆ ಒರೆಸಿದವರು ಬೆರಳನ್ನು ಒರೆಸಿರಲಿಲ್ಲ.

“ಗೆದ್ದದ್ದು ನಾನಲ್ರೀ, ಈ ಬೆರಳು. ನಾಳೆ ಆಡೋರಿಗೆ ಹನ್ನೊಂದು ತಿಂಗಳ ಬೆರಳು ಎಲ್ಲಿಂದ ತರ್ತೀರಿ?”

“ಗೆದ್ದ ಮ್ಯಾಲೂ ತಕರಾರೇನ್ರೀ?” ನಿಂಗನಗೌಡ ನಕ್ಕ.

ಅವಳು ಒರೆಸುವ ಟೊಪ್ಪಿಗೆಯನ್ನು ತಂದು ಅವನ ಕೈಗಿಟ್ಟಳು. “ಹಂಗಾರ ನೀವೂ ಒಮ್ಮೆ ಹೊಸಬರಾಗ್ರಿ.”

ಅವನು ಜಂಬದಿಂದಲೇ ಅದನ್ನು ತಲೆಗೇರಿಸಿಕೊಂಡ. ಒರೆಸಿದ್ದಾಯಿತು, ಆಟವೂ ಶುರುವಾಯಿತು. ಐದು ನಿಮಿಷದಲ್ಲಿ ಒಂಬತ್ತು ಸಲ ಸತ್ತು, ಕೈಯಲ್ಲಿದ್ದ ಕಂಟ್ರೋಲರನ್ನು ಮೇಜಿಗೆ ಕುಕ್ಕಿದ.

“ಥೂ, ಯಾವ ಮೂರ್ಖ ಮಾಡ್ಯಾನ್ರೀ ಇದನ್ನ? ಹೊಡಿಯೋಕಿಂತ ಮೊದಲ ಒಂದು ಸುಳಿವಾದ್ರೂ ಬ್ಯಾಡೇನು?”

ಕಸ್ತೂರಿ ವಹಿಯನ್ನೂ ಪೆನ್ನನ್ನೂ ಅವನ ಮುಂದೆ ತಳ್ಳಿದಳು.

“ಇವತ್ತಿಂದು ನೀವ ಬರೀರಿ. ಕೆಳಗ ಸಹೀನೂ ಮಾಡ್ರಿ.”