ಹೊಸಬನ ಚೀಲ

"ತಗೋ ಅಜ್ಜಾ, ಇನ್ಮೇಲೆ ಇದು ನಿಂದು" ಎಂದು ತಂಡದ ಹುಡುಗ ಯೊಯೆಲ್ ಒಂದು ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗನ್ನು ಡ್ವೇನ್ ಕಾರ್ವರನ ಮಡಿಲಿಗೆ ಎಸೆದ. ಅದರ ಮೇಲೆ ಕೊಂಬಿರುವ ಬಿಳಿ ಕುದುರೆಯ ಚಿತ್ರ. ಒಳಗೆ ಚೂಯಿಂಗ್ ಗಮ್, ಚಾಕಲೇಟು, ಹುರಿದ ಸೂರ್ಯಕಾಂತಿ ಬೀಜ. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ಬದಲಿ ಪಿಚರ್‌ಗಳು ತಮ್ಮ ಸರದಿಗೆ ಕಾಯುತ್ತ ಕೂರುವ ಬುಲ್‌ಪೆನ್ನು ಮೈದಾನದ ಆ ತುದಿಗಿದೆ. ಆಟಕ್ಕೆ ಮುಂಚೆ ಈ ಚೀಲವನ್ನು ಬೆನ್ನಿಗೇರಿಸಿಕೊಂಡು, ಜನರೆಲ್ಲ ನೋಡುತ್ತಿರುವಾಗ ಅಲ್ಲಿಯವರೆಗೆ ನಡೆದುಹೋಗುವುದು ಹೊಸಬನ ಕೆಲಸ.

"ಲೋ, ನಾನು ಮೊದಲನೇ ಆಟ ಆಡಿದಾಗ ನೀನು ಸಿಂಬಳ ಸುರಿಸ್ಕೊಂಡು ಓಡಾಡ್ತಿದ್ದೆ."

"ಇರ್ಬಹುದು. ಆದ್ರೆ ಈ ತಂಡಕ್ಕೆ ನೀನು ಬಂದಿದ್ದು ಇವತ್ತು ಮಧ್ಯಾಹ್ನ. ನಾನು ಬಂದು ಎರಡು ತಿಂಗಳಾಯ್ತು. ಹೊರು!"

ಅದೂ ನಿಜವೇ. ಬೆಳಿಗ್ಗೆಯವರೆಗೆ ಡ್ವೇನ್ ಎದುರಾಳಿ ಹೆರನ್ಸ್ ತಂಡದವನು. ಇದೇ ಮೈದಾನ ಒಂಬತ್ತು ವರ್ಷ ಅವನ ಮನೆಯಾಗಿತ್ತು. ಆಡಲು ಬಂದಿದ್ದ ಫೆರಿಮೆನ್ ತಂಡ ಈ ವರ್ಷ ಕಪ್ ಗೆಲ್ಲುವ ಹಟದಲ್ಲಿತ್ತು, ಅವರಿಗೊಬ್ಬ ಅನುಭವಿ ಎಡಗೈ ಪಿಚರ್ ಬೇಕಿತ್ತು. ಕೊನೆಯ ಸ್ಥಾನದಲ್ಲಿದ್ದ ಹೆರನ್ಸ್ ಇವನನ್ನು ಕೊಟ್ಟು, ಹತ್ತೊಂಬತ್ತರ ಹುಡುಗನೊಬ್ಬನನ್ನು ತೆಗೆದುಕೊಂಡಿತು. ಹೆರನ್ಸ್ ಮ್ಯಾನೇಜರ್ ಬರ್ನಿ ತಬ್ಬಿಕೊಂಡು, "ಬೇಜಾರಾಗ್ಬೇಡ ಕಣೋ. ಅವರಿಗೆ ಈ ವರ್ಷ ಗೆಲ್ಬೇಕು, ನಮಗೆ ಮೂರು ವರ್ಷ ಆದ್ಮೇಲೆ ಗೆದ್ರೂ ಸಾಕು" ಎಂದಿದ್ದ. ಮೂರು ವರ್ಷ ಆದಮೇಲೆ ನಾನೆಲ್ಲಿರ್ತೀನಿ ಎಂದು ಡ್ವೇನ್ ಕೇಳಲಿಲ್ಲ. ಬೂಟು, ಗ್ಲೌಸು ಬಾಚಿಕೊಂಡು ಪಕ್ಕದ ಕೋಣೆಗೆ ನಡೆದುಬಂದಿದ್ದ, ಅಷ್ಟೇ. ಮನಸ್ಸಿನಲ್ಲಿ ಮಾತ್ರ ಒಂದೇ ಹೆದರಿಕೆ: ಮೂವತ್ತೆಂಟರ ಈ ತೋಳಿನಲ್ಲಿ ಇನ್ನೂ ಕಸುವಿದೆಯೋ, ಇಲ್ಲವೋ? ಇಲ್ಲೂ ಎಡವಿದರೆ ಇನ್ನು ಕರೆಯುವವರು ಯಾರೂ ಇಲ್ಲ.

ಚೀಲ ಹೊತ್ತು ಹೊರಟವನನ್ನು ಕಂಡು ಅವನ ಹಳೆಯ ಅಭಿಮಾನಿಗಳು ಬಿದ್ದು ಬಿದ್ದು ನಕ್ಕರು. "ಡ್ವೇನ್, ಊಟದ ಡಬ್ಬಿ ಇಟ್ಕೊಂಡ್ಯಾ ಪುಟ್ಟಾ?" ಎಂದು ಬೇಲಿಯ ಆಚೆಯಿಂದ ಒಬ್ಬಾಕೆ ಕೂಗಿದಳು. ಇದೇ ಮೈದಾನದಲ್ಲಿ ಎಷ್ಟು ಹೊಸ ಹುಡುಗರ ಬೆನ್ನಿಗೆ ತಾನೇ ಇಂಥ ಚೀಲ ಕಟ್ಟಿ ಚಪ್ಪಾಳೆ ಹೊಡೆದಿರಲಿಲ್ಲ! ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಡ್ವೇನ್ ಅವಳಿಗೆ ಕೈ ಬೀಸಿದ.

ಒಂಬತ್ತು ಇನ್ನಿಂಗ್ಸಿನ ಆಟದ ಎಂಟನೆಯದರಲ್ಲಿ ಬುಲ್‌ಪೆನ್ನಿನ ಫೋನು ಹೊಡೆದುಕೊಂಡಿತು: ಡ್ವೇನ್ ಬರಲಿ. ಫೆರಿಮೆನ್ ಒಂದೇ ಒಂದು ರನ್ ಮುಂದಿದ್ದರು. ಹೆರನ್ಸಿನ ಇಬ್ಬರು ಓಡಲು ಸಜ್ಜಾಗಿ ನಿಂತಿದ್ದರು, ಅವರ ಸರದಿ ಮುಗಿಸಲು ಇನ್ನೊಂದು ಔಟ್ ಬೇಕಿತ್ತು. ಬ್ಯಾಟ್ ಹಿಡಿದು ಬಂದವನು ಕೋಡಿ. ಅವತ್ತು ಬೆಳಿಗ್ಗೆ ಡ್ವೇನನ ತಟ್ಟೆಯಿಂದಲೇ ಆಮ್ಲೆಟ್ ಕಿತ್ತು ತಿಂದ ಗೆಳೆಯ.

"ಚೀಲ ಎಲ್ಲೋ?" ಎಂದು ಕೋಡಿ ಹಲ್ಲುಕಿರಿದ.

ಡ್ವೇನ್ ವೇಗವಾಗಿ ಎಸೆದ ಎರಡು ಚೆಂಡೂ ಕೋಡಿಗೆ ಸಿಗಲಿಲ್ಲ. ಮೂರನೆಯದಕ್ಕೂ ಅದೇ ವೇಗ ನೆಚ್ಚಿಕೊಂಡು ಕೋಡಿ ಜೋರಾಗಿ ಬೀಸಿದ. ಆದರೆ ಈ ಚೆಂಡು ಮಧ್ಯಾಹ್ನದ ಊಟ ಮುಗಿಸಿ ಹೊರಟಂತೆ ನಿಧಾನವಾಗಿ ಬಂತು. ಬ್ಯಾಟು ಗಾಳಿಯನ್ನು ಹೊಡೆದು ನಿಂತ ಮೇಲೆ ಅದು ಹಿಂದೆ ಕೂತಿದ್ದ ಕ್ಯಾಚರನ ಕೈ ಸೇರಿತು. ಮೂರು ಬೀಸೂ ವ್ಯರ್ಥ: ಔಟ್!

ಡ್ವೇನನ ಎದೆ ಹಗುರಾಯಿತು. ತಲೆ ತಗ್ಗಿಸಿ, ಎಂದಿನಂತೆ ಆಟಗಾರರು ಕೂರುವ ಡಗೌಟಿನ ಕಡೆ ನಡೆದ. ಮೆಟ್ಟಿಲ ಬಳಿ ಬರ್ನಿ ಎಂದಿನಂತೆ ಕೈ ಚಾಚಿದ. ಮ್ಯಾನೇಜರ್ ಕೈ ಕುಲುಕಿದನೆಂದರೆ ಆ ದಿನದ ಕೆಲಸ ಮುಗಿಯಿತು, ಹೋಗಿ ಕೂತುಕೋ ಎಂದರ್ಥ. ಇವನೂ ಕುಲುಕಿ ಬೆಂಚಿನ ಮೇಲೆ ಕೂತ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ ಪುಣ್ಯಾತ್ಮಾ, ನೀನೀಗ ಮುಳುಗಿಸಿದ್ದು ನಮ್ಮನ್ನ! ನಿನ್ನ ಮನೆ ಆ ಕಡೆ!" ಎಂದ ಬರ್ನಿ.

ಹಿಂದೆಯೇ ಬಂದ ಕೋಡಿ, "ನನ್ನ ಔಟ್ ಮಾಡಿದ್ದೂ ಅಲ್ದೆ ನನ್ನ ಜಾಗ ಬೇರೆ ಬೇಕಾ? ಏಳೋ!" ಎಂದು ಬ್ಯಾಟಿನಿಂದ ತಿವಿದ. ಡ್ವೇನ್ ಮೈದಾನ ದಾಟಿ ಎದುರಿನ ಡಗೌಟ್ ಸೇರುವಷ್ಟರಲ್ಲಿ ಇಡೀ ಕ್ರೀಡಾಂಗಣ ಎದ್ದು ನಿಂತು, ನಗುತ್ತಲೇ ಚಪ್ಪಾಳೆ ತಟ್ಟುತ್ತಿತ್ತು.

ಫೆರಿಮೆನ್ ಗೆದ್ದರು. ಆಟ ಮುಗಿದ ಮೇಲೆ ಯೊಯೆಲ್ ಬುಲ್‌ಪೆನ್ನಿನಿಂದ ಬಂದ. ಗುಲಾಬಿ ಚೀಲ ಈಗ ಅವನ ಹೆಗಲಲ್ಲಿತ್ತು.

"ಇನ್ಮೇಲೆ ನಾನೇ ಹೊರ್ತೀನಿ ಬಿಡಣ್ಣ. ನೀನು ಹೊರೋದು ಚೆನ್ನಾಗಿರಲ್ಲ" ಎಂದ.

ಡ್ವೇನ್ ಚೀಲವನ್ನು ಕಿತ್ತುಕೊಂಡು ತನ್ನ ಬೆನ್ನಿಗೇರಿಸಿದ.

"ಕೊಡೋ ಇಲ್ಲಿ! ಈ ವಯಸ್ಸಲ್ಲಿ ನನ್ನನ್ನ ಹೊಸಬ ಅನ್ನೋರು ಸಿಕ್ಕಿದಾರೆ. ಅಷ್ಟು ಸುಲಭಕ್ಕೆ ಬಿಟ್ಟುಕೊಡ್ತೀನಾ?"