ಬುಡು ಅಂದರೆ ಯಾವ ನಂಬರು?

ಹುಳಿಯಾರಿನ ಹಗ್ಗದಂಗಡಿ ಮೂಡಲಗಿರಿಯಪ್ಪ ಚಪ್ಪಲಿ ಕಾಲಲ್ಲೇ ಕಾರ್ಖಾನೆಯ ಕಂಪ್ಯೂಟರ್ ರೂಮಿಗೆ ನುಗ್ಗಿದ. ಗೋಡೌನಿನಿಂದ ಬಾಚಿಕೊಂಡು ಬಂದಿದ್ದ ನಾರಿನ ಹಗ್ಗದ ತುಂಡುಗಳನ್ನು ಜವರಪ್ಪನ ಮೇಜಿನ ಮೇಲೆ ಸುರಿದ.

"ಇದೇನ್ಲಾ?"

"ಕಣ್ಣಿ. ಕರು ಕಟ್ಟೋದು."

"ಗೊತ್ತು ಕಣ್ಲಾ ಕಣ್ಣಿ ಅಂತ! ನಾನು ಹೇಳಿದ್ದು ಬಾವಿ ಹಗ್ಗ. ಇದನ್ನ ಕಟ್ಟಿದ್ರೆ ಕೊಡ ಬಾವಿ ಕಟ್ಟೆ ಮೇಲೇ ಕುಂತಿರ್ತದೆ. ಜನ ನೀರು ಸೇದಬೇಕೋ, ಬಾವಿಗೇ ಕರು ಕಟ್ಟಬೇಕೋ?"

ಜವರಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಸಲಾಂ ಹೊಡೆದು, ನಾರು ಬಿಡಿಸಲು ಕೊಳೆತ ತೆಂಗಿನ ಮಟ್ಟೆ ಬಡಿದು ಬಡಿದು, ಆಮೇಲೆ ಹೇಗೋ ಟೈಪಿಂಗ್ ಕಲಿತು, ತಿಪಟೂರಿನ ಈ ನಾರಿನ ಕಾರ್ಖಾನೆಯ ಕುರ್ಚಿ ಹಿಡಿದವನು. ಬರುವ ತಿಂಗಳು ಕೆಲಸ ಕಾಯಂ ಆಗಬೇಕು. ಆಗದಿದ್ದರೆ ವಾಪಸು ಮಟ್ಟೆ ಬಡಿಯುವುದೇ. ಅದಕ್ಕೇ ಹಲ್ಲು ಕಚ್ಚಿಕೊಂಡು ಕುಳಿತಿದ್ದ.

ತಪ್ಪು ಯಾರದು ಅಂದರೆ ಮೇಜಿನ ಮೇಲಿನ ಆ ಕಂಪ್ಯೂಟರ್ ಪೆಟ್ಟಿಗೆಯದು. ಬೆಂಗಳೂರಿನವರು ಹಾಕಿಕೊಟ್ಟು ಹೋದ ಪ್ರೋಗ್ರಾಮು. ಗಿರಾಕಿ ಆರ್ಡರು ಬದಲಾಯಿಸಿದಾಗಲೆಲ್ಲ ಹಳೆಯದನ್ನು ಅಳಿಸದೆ, ಯಾರು ಯಾವಾಗ ಏನು ಬದಲಾಯಿಸಿದರು ಅಂತ ಅದು ನೆನಪಿಟ್ಟುಕೊಳ್ಳುತ್ತಿತ್ತು. ಮಾರನೆಯ ದಿನ ಯಾವ ಮಿಷೀನಿನಲ್ಲಿ ಏನು ಹೊಸೆಯಬೇಕು, ಏನು ಕತ್ತರಿಸಬೇಕು ಅಂತ ತಾನೇ ಪ್ಲಾನು ಹಾಕಿ ಚೀಟಿ ಉಗುಳುತ್ತಿತ್ತು. ಗಿರಾಕಿ ಅತ್ತರೂ ಕರೆದರೂ ಬೈದರೂ ಅದನ್ನೆಲ್ಲ ಐದು ನಂಬರಿನೊಳಗೆ ತುರುಕಬೇಕು. ನಾಲ್ಕು ಒತ್ತಿದರೆ ರದ್ದು. ಐದು ಒತ್ತಿದರೆ ಮಾಲು ರವಾನೆ.

ಗಲಾಟೆ ಕೇಳಿ ಸಾಹುಕಾರ ಮರುಳಸಿದ್ದಯ್ಯನವರು ಬಂದರು. ದೇವರ ಮನೆಗೂ ಅಷ್ಟು ಭಕ್ತಿಯಿಂದ ಹೋಗುತ್ತಿದ್ದರೋ ಇಲ್ಲವೋ, ಹೊಸಿಲಾಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

"ತೋರ್ಸೋ ಅವರ ಆರ್ಡರು. ಮನುಷ್ಯ ಸುಳ್ಳು ಹೇಳ್ತಾನೆ, ಮಿಷೀನು ಹೇಳಲ್ಲ."

ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು. ದಪ್ಪ ಹಗ್ಗ. ಬೇಡ, ಸಣ್ಣದು. ಅಲ್ಲ, ದಪ್ಪವೇ. ಉಹೂಂ, ಸಣ್ಣದೇ ಇರಲಿ. ಕೊನೆಯಲ್ಲಿ ರದ್ದು. ರದ್ದಾದ ಕೂಡಲೇ ಪ್ರೋಗ್ರಾಮು ಆ ಹಗ್ಗವನ್ನು ಹಾಲಿನ ಸೊಸೈಟಿಯ ಕಣ್ಣಿ ಆರ್ಡರಿಗೆ ತಿರುಗಿಸಿತ್ತು. ಚೀಟಿ ಬಂತು, ಮಿಷೀನಿನವರು ಕತ್ತರಿಸಿ ಗುಡ್ಡೆ ಹಾಕಿದರು.

"ರದ್ದು ಮಾಡ್ದೋನು ನೀನೇ ಅಂತ ಹೆಸರು ಸಮೇತ ತೋರಿಸ್ತೈತಲ್ಲೋ!" ಸಾಹುಕಾರರು ಕೂಗಿದರು.

"ಇವ್ರು ಹೇಳಿದ್ರು, ನಾನು ಒತ್ತಿದೆ," ಜವರಪ್ಪ ಕಚ್ಚಿದ್ದ ಹಲ್ಲು ಸಡಿಲಿಸಿದ. "ಗಳಿಗೆಗೊಂದು ಸಲ ಫೋನು. ಕಡೇಗೆ ಏನು ಮಾಡ್ಲಿ ಹೇಳ್ರೀ ಅಂದ್ರೆ, 'ಥೂ, ಬುಡಪ್ಪ ಅತ್ಲಾಗೆ' ಅಂತ ಫೋನು ಕುಕ್ಕಿದ್ರು. ಬುಟ್ಟೆ."

"ಹೂಂ ಕಣ್ಲಾ, ಬುಡು ಅಂದೆ! ಯಾವ್ದೋ ಒಂದು ಹಗ್ಗ ಲಾರಿಗೆ ಹಾಕಿ ಬುಡು ಅಂತ!" ಮೂಡಲಗಿರಿಯಪ್ಪ ಬೀಡಿ ಹಚ್ಚಿದ. "ತ್ವಾಟಕ್ಕೆ ನೀರು ಬುಡು ಅಂದ್ರೆ ನೀರು ನಿಲ್ಲಿಸ್ತೀಯಾ? ಹಾಲು ಕರಿಯೋ ಹೊತ್ನಲ್ಲಿ ಕರು ಬುಡು ಅಂದ್ರೆ ಕರು ಕ್ಯಾನ್ಸಲ್ಲಾ?"

"ಡಾಕ್ಟ್ರು ನಿಮಗೆ ಬೀಡಿ ಬುಡು ಅಂದ್ರೆ, ಬೀಡಿ ಲಾರಿಗೆ ಲೋಡ್ ಮಾಡಿಸ್ತೀರಾ?"

ಮೂಡಲಗಿರಿಯಪ್ಪ ಬಾಯಲ್ಲಿದ್ದ ಬೀಡಿಯನ್ನು ಕೈಗೆ ತೆಗೆದುಕೊಂಡು ಅದನ್ನೇ ನೋಡಿದ.

"ಗಿರಾಕಿಗೇ ಎದುರು ಮಾತಾ?" ಸಾಹುಕಾರರು ಗುಡುಗಿದರು. "ಇಂಥೋನನ್ನ ಕಾಯಂ ಮಾಡೋಕೆ ಹೊರಟಿದ್ದೆನಲ್ಲಪ್ಪ ನಾನು!"

ಜವರಪ್ಪನ ಕಿವಿ ಕಾದವು. ಗಿರಾಕಿ ಗಳಿಗೆಗೊಂದು ಮಾತಾಡಿದರೆ ಅದು ವ್ಯಾಪಾರ. ಸಾಹುಕಾರರು ಆಡಿದ ಮಾತು ಮರೆತರೆ ಅದು ದೊಡ್ಡತನ. ತಾನು ಒಂದೇ ಒಂದು ನಂಬರು ಹೆಚ್ಚುಕಮ್ಮಿ ಒತ್ತಿದರೆ ಮಾತ್ರ ಹಸಿರು ಅಕ್ಷರದಲ್ಲಿ ಅಪರಾಧ.

ಅಷ್ಟರಲ್ಲಿ ಮೂಡಲಗಿರಿಯಪ್ಪನಿಗೆ ಎಲ್ಲಿಂದಲೋ ನಗು ಬಂತು. ಹೊಟ್ಟೆ ಕುಣಿಸಿಕೊಂಡು ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡ. "ಹೋಗ್ಲಿ ಸಾವ್ಕಾರ್ರೇ. ಬೀಡಿ ವಿಷ್ಯದಲ್ಲಿ ನಮ್ಮನೇವ್ಳೂ ಹಿಂಗೇ ಮಾನ ತೆಗೀತಾಳೆ. ಬಿಸಿರಕ್ತ. ಹೊಸದಾಗಿ ಹಗ್ಗ ಹೊಸೆದುಕೊಡಿ, ಹುಡುಗನ್ನ ಬುಟ್ಬುಡಿ."

"ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು," ಸಾಹುಕಾರರು ಟವೆಲಿನಿಂದ ಕತ್ತು ಒರೆಸಿಕೊಂಡರು, "ಬುಟ್ಟಿದೀನಿ."

ಜವರಪ್ಪ ಎದ್ದ. ಮೇಜಿನ ಕೆಳಗಿದ್ದ ಬುತ್ತಿ ಡಬ್ಬಿ ತೆಗೆದುಕೊಂಡ. ಹೊಸಿಲು ದಾಟಿ ಚಪ್ಪಲಿ ಮೆಟ್ಟಿದ.

"ಎಲ್ಲಿಗ್ಲಾ?" ಸಾಹುಕಾರರು ಕೇಳಿದರು.

"ನೀವೇ ಬುಟ್ರಲ್ಲ ಸಾವ್ಕಾರ್ರೇ. ನಾಲ್ಕೋ ಐದೋ ನೀವೇ ಒತ್ಕಳಿ. ರದ್ದಾದ್ರೂ ಗೇಟಿನಾಚೆಗೆ, ರವಾನೆಯಾದ್ರೂ ಗೇಟಿನಾಚೆಗೆ."

ಸಾಹುಕಾರರು ಪೆಟ್ಟಿಗೆಯ ಕಡೆ ನೋಡಿದರು. ಅದರಲ್ಲಿ ಯಾವುದನ್ನು ಎಲ್ಲಿ ಒತ್ತಬೇಕು ಅನ್ನುವುದು ಈ ಸಿಡುಕನೊಬ್ಬನಿಗೇ ಗೊತ್ತು. ನಾಳೆಯ ಚೀಟಿ ಬರದಿದ್ದರೆ ಅಷ್ಟೂ ಮಿಷೀನು ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ. ಬರಿಗಾಲಲ್ಲೇ ಅಂಗಳಕ್ಕೆ ಓಡಿದರು.

"ಲೋ ಲೋ, ನಾನಂದಿದ್ದು ಹಂಗಲ್ಲ ಕಣೋ! ಬಾರಯ್ಯ, ಬಂದು ಕುಂತ್ಕೋ. ನೀನು ಕಾಯಂ, ಆಯ್ತಾ? ಮೊದ್ಲು ಆ ಕೋಪ ಬು..."

ಮರುಳಸಿದ್ದಯ್ಯನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.